ಇಂಟರ್ನೆಟ್ ರೇಡಿಯೋ ವಿಳಾಸಗಳನ್ನು ಎಲ್ಲಿ ಜೋಡಿಸಿಡುವುದು: ಪ್ಲೇಯರ್‌ನ ಲೈಬ್ರರಿಯಲ್ಲೋ, ಫೋಲ್ಡರ್‌ಗಳಲ್ಲೋ?

ಸಂಗೀತದ ಲೈಬ್ರರಿ ಕಲಾವಿದ, ಆಲ್ಬಮ್, ವರ್ಷ ಎಂಬ ಟ್ಯಾಗ್‌ಗಳ ಆಧಾರದ ಮೇಲೆ ಹಾಡುಗಳನ್ನು ವಿಂಗಡಿಸುತ್ತದೆ. ರೇಡಿಯೋ ಸ್ಟ್ರೀಮ್ ಎಂಬುದು ಕೇವಲ ಒಂದು ವಿಳಾಸವಾದ್ದರಿಂದ ಅದರಲ್ಲಿ ಅಂತಹ ಟ್ಯಾಗ್‌ಗಳನ್ನು ಬರೆದಿಡುವ ಜಾಗವಿಲ್ಲ. ಹಲವು ಪ್ಲೇಯರ್‌ಗಳಲ್ಲಿ, ಕೇಂದ್ರವು ಕಳುಹಿಸುವ ಹಾಡಿನ ಹೆಸರು ಪಟ್ಟಿಯಲ್ಲಿರುವ ಕೇಂದ್ರದ ಹೆಸರಿನ ಜಾಗವನ್ನು ಆಕ್ರಮಿಸುತ್ತದೆ. ಕಣ್ಣಿಂದ ನೋಡುವವರಿಗೆ ಇದು ಸಣ್ಣ ತೊಡಕಾದರೂ, ಬಾಣದ ಕೀಲಿ ಒತ್ತಿ, ಪರದೆಯ ಮೇಲಿರುವುದನ್ನು ದೃಷ್ಟಿಹೀನರಿಗೆ ಓದಿ ಹೇಳುವ ಎನ್‌ವಿಡಿಎ ಅಥವಾ ಜಾಸ್ ತಂತ್ರಾಂಶ ಓದಿದ್ದನ್ನಷ್ಟೇ ನಂಬಿ ಸಾಗುವವರಿಗೆ ತಾವು ಯಾವ ಕೇಂದ್ರದ ಮೇಲಿದ್ದೇವೆಂಬುದೇ ತಿಳಿಯದಂತಾಗುತ್ತದೆ. ಹಾಡು ಮತ್ತು ರೇಡಿಯೋ ಎರಡನ್ನೂ ಒಂದೇ ಕಿಟಕಿಯಲ್ಲಿ ಹುಡುಕಬಹುದೆಂಬುದು ಲೈಬ್ರರಿಯ ನಿಜವಾದ ಅನುಕೂಲ.

ಫೋಲ್ಡರ್ ವಿಧಾನದಲ್ಲಿ ಪ್ರತಿ ಕೇಂದ್ರಕ್ಕೂ ಅದರ ವಿಳಾಸವಿರುವ ಒಂದು ಪುಟ್ಟ ಪ್ಲೇಲಿಸ್ಟ್ ಕಡತವನ್ನು ಮಾಡಿ, ಸುದ್ದಿ, ಶಾಸ್ತ್ರೀಯ ಸಂಗೀತ ಎಂಬಂತೆ ವಿಷಯವಾರು ಇಡಲಾಗುತ್ತದೆ. ಕಡತದ ಹೆಸರೇ ಕೇಂದ್ರದ ಹೆಸರಾಗುವುದರಿಂದ ಅದು ಎಂದಿಗೂ ಬದಲಾಗದು. ಮೊದಲ ಅಕ್ಷರ ಒತ್ತಿದರೆ ಅಲ್ಲಿಗೆ ಹೋಗಬಹುದು, ಎಂಟರ್ ಒತ್ತಿದರೆ ರೇಡಿಯೋ ನುಡಿಯುತ್ತದೆ. ನನ್ನ ಒಲವು ಸ್ಪಷ್ಟವಾಗಿ ಇದರ ಕಡೆಗೇ ಇದೆ.

ಪ್ಲೇಲಿಸ್ಟ್ ಕಡತದ ಬಗೆಯಲ್ಲಿಯೂ ಆಯ್ಕೆಯಿದೆ: ಪಿಎಲ್‌ಎಸ್ ಅಥವಾ ಎಂ3ಯು. ಪಿಎಲ್‌ಎಸ್‌ನಲ್ಲಿ ಪ್ರತಿ ನಮೂದಿಗೂ ಕ್ರಮಸಂಖ್ಯೆ ಇರುವುದರಿಂದ, ಹಲವು ಕೇಂದ್ರಗಳಿರುವ ಕಡತದಿಂದ ಒಂದನ್ನು ಅಳಿಸಿದಾಗ ಉಳಿದ ಸಂಖ್ಯೆಗಳನ್ನೂ ಒಟ್ಟು ಎಣಿಕೆಯನ್ನೂ ತಿದ್ದಬೇಕಾಗುತ್ತದೆ. ಎಂ3ಯು ಕಡತದಲ್ಲಿ ವಿಳಾಸದ ಒಂದೇ ಸಾಲು ಸಾಕು. ಒಳಗೆ ಕನ್ನಡ ಹೆಸರನ್ನೂ ಬರೆಯುವುದಾದರೆ ಕನ್ನಡ ಅಕ್ಷರಗಳನ್ನೂ ಹಿಡಿದಿಡಬಲ್ಲ ಯುಟಿಎಫ್-8 ಸಂಕೇತ ವಿಧಾನದಲ್ಲಿ ಉಳಿಸಿ, ಎಂ3ಯು8 ಎಂಬ ವಿಸ್ತರಣೆ ಕೊಡುವುದು ಕ್ಷೇಮ.