ಜಿಸಿಸಿ ಕಂಪೈಲರ್: ವರ್ಷಗಟ್ಟಲೆ ಬಳಸಿದ ಮೇಲೆ

ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಕಂಪ್ಯೂಟರಿಗೆ ಏನು ಹಾಕಿಕೊಳ್ಳಲಿ ಅಂತ ಯಾರೇ ಕೇಳಿದರೂ ನಾನು ಜಿಸಿಸಿ ಅಂತಲೇ ಹೇಳುತ್ತೇನೆ. ಡಾಸ್‌ಬಾಕ್ಸ್ (ಹಳೆ ಡಾಸ್ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್) ಒಳಗಿನ ನೀಲಿ ಪರದೆಯ ಹಳೆ ಕಂಪೈಲರ್ ಟರ್ಬೊ ಸಿ ಸಾಕು ಮಾಡಿ. ಜಿಸಿಸಿ 1987ರಿಂದ ಇದೆ, ಪುಕ್ಕಟೆ, ಲಿನಕ್ಸ್, ವಿಂಡೋಸ್ ಎರಡರಲ್ಲೂ ಓಡುತ್ತದೆ. ಆದರೆ ಕೋಡ್ ತಪ್ಪಿದರೆ ಇದು ಎರಡು ಬಾಯಲ್ಲಿ ಬೈಯುತ್ತದೆ. ಬೈದಿದ್ದು ಯಾವ ಬಾಯಿ ಅಂತ ಮೊದಲು ನೋಡಿಕೊಳ್ಳಬೇಕು.

ಒಂದು ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಭಾಗ. ಇದರ ಮಾತು ಈಗ ಎಷ್ಟೋ ಸುಧಾರಿಸಿದೆ. 2013ರ 4.8 ಆವೃತ್ತಿಯಿಂದ ತಪ್ಪಿರುವ ಸಾಲನ್ನೇ ತೋರಿಸಿ, ಕೆಳಗೆ ಬಾಣದ ಗುರುತು ಹಾಕುತ್ತದೆ. ಒಂದು ಬ್ರಾಕೆಟ್ ಬಿಟ್ಟರೆ ಸಾಲು ಸಾಲು ಎರರ್ ಸುರಿಸುವ ಚಾಳಿ ಮಾತ್ರ ಹೋಗಿಲ್ಲ. ಮೊದಲನೆಯದನ್ನಷ್ಟೇ ಸರಿಮಾಡಿ ಮತ್ತೆ ಕಂಪೈಲ್ ಮಾಡಿ, ಜಾಸ್ತಿ ಪಾಲು ತಾನಾಗೇ ಮಾಯವಾಗುತ್ತದೆ.

ಇನ್ನೊಂದು ಲಿಂಕರ್, ಅಂದರೆ ತಿರುಗಿಸಿದ ತುಂಡುಗಳನ್ನೂ ಲೈಬ್ರರಿಗಳನ್ನೂ (ಮೊದಲೇ ಬರೆದಿಟ್ಟ ಫಂಕ್ಷನ್‌ಗಳ ಕಟ್ಟು) ಜೋಡಿಸಿ ಪ್ರೋಗ್ರಾಂ ಮಾಡುವ ಭಾಗ. ಹೊಸಬರು ಕಂಗಾಲಾಗುವುದು ಇಲ್ಲೇ. 'ಅನ್‌ಡಿಫೈನ್ಡ್ ರೆಫರೆನ್ಸ್' (ಕರೆದ ಫಂಕ್ಷನ್ ಎಲ್ಲೂ ಸಿಗಲಿಲ್ಲ) ಅನ್ನುತ್ತದೆ, ಸಾಲಿನ ನಂಬರ್ ಇಲ್ಲ, ಯಾವುದೋ ಹೆಕ್ಸ್ ಅಂಕಿ. ಕಮಾಂಡಿನಲ್ಲಿ ಮೈನಸ್ ಜಿ (-g) ಕೊಟ್ಟು ಕಂಪೈಲ್ ಮಾಡಿದರೆ ನಂಬರ್ ಬರುತ್ತದೆ. ಕೊನೆಯ 'ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್' (ಎಲ್‌ಡಿ ಅಂದರೆ ಲಿಂಕರ್‌ನ ಹೆಸರು) ಹಿಡಿದು ಗೂಗಲ್ ಮಾಡಬೇಡಿ, ಸುಮ್ನೆ ಟೈಮ್ ವೇಸ್ಟ್. ವಿಷಯ ಇರುವುದು ಅದರ ಮೇಲಿನ ಸಾಲಿನಲ್ಲಿ.

ಲಿನಕ್ಸ್‌ನಲ್ಲಿ ವರ್ಗಮೂಲದ ತಮಾಷೆ ನೋಡಿ. ಫಂಕ್ಷನ್ನಿಗೆ ನೇರವಾಗಿ 25 ಕೊಟ್ಟರೆ ಪ್ರೋಗ್ರಾಂ ಓಡುತ್ತದೆ. ಸ್ಕ್ಯಾನ್‌ಎಫ್‌ನಲ್ಲಿ (ಕೀಬೋರ್ಡಿನಿಂದ ಓದುವ ಫಂಕ್ಷನ್) ಓದಿದ ಎಕ್ಸ್ ಕೊಟ್ಟರೆ ಲಿಂಕರ್ ಎರರ್! ಅಂಕಿ ಮೊದಲೇ ಗೊತ್ತಿದ್ದರೆ ಕಂಪೈಲರ್ ತಾನೇ ಲೆಕ್ಕ ಮಾಡಿ 5 ಇಟ್ಟುಬಿಡುತ್ತದೆ. ಇಲ್ಲದಿದ್ದರೆ ಗಣಿತದ ಲೈಬ್ರರಿ ಬೇಕೇ ಬೇಕು. 'ಮ್ಯಾತ್ ಹೆಡರ್ ಹಾಕಿದ್ದೀನಲ್ಲ' ಅಂದರೆ ಆಗಲ್ಲ. ಹೆಡರ್‌ನಲ್ಲಿರುವುದು ಫಂಕ್ಷನ್ನಿನ ವಿವರ ಮಾತ್ರ, ಫಂಕ್ಷನ್ ಇರುವುದು ಲೈಬ್ರರಿಯಲ್ಲಿ. ಅದಕ್ಕೆ ಕಮಾಂಡಿನ ಕೊನೆಗೆ ಮೈನಸ್ ಎಲ್‌ಎಂ (-lm) ಸೇರಿಸಬೇಕು. ಕೊನೆಗೇ. ಫೈಲಿನ ಹೆಸರಿಗಿಂತ ಮುಂಚೆ ಹಾಕಿದರೆ ಉಬುಂಟು ಲಿನಕ್ಸ್‌ನಲ್ಲಿ ಮತ್ತೆ ಅದೇ ಎರರ್.

ಜಿಸಿಸಿಯ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯೂನಲ್ಲಿ ಈ ರಗಳೆ ಇಲ್ಲ. ಅಲ್ಲಿನ ರಗಳೆ ಬೇರೆ. ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್ನಿನ ಹೆಸರು ತಪ್ಪಿದರೆ 'ವಿನ್‌ಮೇನ್' ಇಲ್ಲ ಅಂತ ದೂರುತ್ತದೆ, ನೀವು ಆ ಹೆಸರನ್ನೇ ಬರೆದಿರುವುದಿಲ್ಲ! 'ಪರ್ಮಿಷನ್ ಡಿನೈಡ್' ಬಂದರೆ ಹಳೆ ಪ್ರೋಗ್ರಾಂ ಇನ್ನೂ ಓಡುತ್ತಿದೆಯಾ ನೋಡಿ. ಆ ಕಪ್ಪು ವಿಂಡೋ ಮುಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೊಸದಾಗಿ ಹಾಕಿಕೊಳ್ಳುವವರು 2024ರ 14ನೇ ಆವೃತ್ತಿ ಅಥವಾ ಅದರ ಮೇಲಿನದನ್ನೇ ಹಾಕಿಕೊಳ್ಳಿ. ಪ್ರಿಂಟ್‌ಎಫ್ (ಪರದೆಗೆ ಬರೆಯುವ ಫಂಕ್ಷನ್) ಕಾಗುಣಿತ ತಪ್ಪಿದರೆ ಮುಂಚೆ ಬರೀ ವಾರ್ನಿಂಗ್ ಕೊಟ್ಟು ಲಿಂಕರ್ ಕೈಗೆ ದಾಟಿಸುತ್ತಿತ್ತು. ಈಗ ಕಂಪೈಲರೇ ತಡೆದು ಸಾಲು ತೋರಿಸುತ್ತದೆ. ನನ್ನ ಲೆಕ್ಕದಲ್ಲಿ ನಾಲ್ಕು ಸ್ಟಾರ್, ಒಂದು ಕಟ್ ಆಗಿದ್ದು ಲಿಂಕರ್‌ನಿಂದ.