ನೆಟ್‌ಲೋಗೊದ ‘ಸೆಗ್ರಿಗೇಶನ್’ ಮಾದರಿ: ಮನೆ ಮಾಲೀಕರೇ ಇಲ್ಲದ ನಗರ

ನಗರಗಳಲ್ಲಿ ಒಂದೊಂದು ಸಮುದಾಯದವರು ಒಂದೊಂದು ಬಡಾವಣೆಯಲ್ಲಿ ಗುಂಪುಗೂಡಿ ನೆಲೆಸುವ ಬಗೆಯನ್ನು ಪರದೆಯ ಮೇಲೆ ನೋಡಬಯಸುವವರಿಗೆ, ನೆಟ್‌ಲೋಗೊ ಎಂಬ ಅನುಕರಣ (ಸಿಮ್ಯುಲೇಶನ್) ತಂತ್ರಾಂಶದ ಜೊತೆಗೇ ಬರುವ ‘ಸೆಗ್ರಿಗೇಶನ್’ (ಪ್ರತ್ಯೇಕ ವಾಸ) ಮಾದರಿಯಷ್ಟು ಸರಳವಾದ ಸಾಧನ ಸಿಗುವುದು ಕಷ್ಟ. ಉರಿ ವಿಲೆನ್‌ಸ್ಕಿ ರೂಪಿಸಿದ ಈ ತಂತ್ರಾಂಶ ಉಚಿತವಾಗಿದ್ದು, ಗಣಕಕ್ಕೆ ಇಳಿಸಿಕೊಳ್ಳದೆ ಬ್ರೌಸರ್‌ನಲ್ಲಿಯೂ ನಡೆಸಬಹುದು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ ಎಂಬುದನ್ನು ಬಿಟ್ಟರೆ ಬಳಕೆಗೆ ತೊಡಕಿಲ್ಲ.

ಮಾದರಿಯ ಬೇರು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಚೌಕಗಳ ಹಾಸಿನ ಮೇಲೆ ಎರಡು ಬಣ್ಣದ ನಿವಾಸಿಗಳು ಬೆರೆತು ಕುಳಿತಿರುತ್ತಾರೆ. ಸುತ್ತಲಿನ ಎಂಟು ಚೌಕಗಳಲ್ಲಿರುವ ನೆರೆಯವರ ಪೈಕಿ ತನ್ನ ಬಣ್ಣದವರು ಇಂತಿಷ್ಟು ಪಾಲಾದರೂ ಇರಬೇಕೆಂಬುದು ಪ್ರತಿಯೊಬ್ಬರ ಬಯಕೆ. ಅಷ್ಟು ಇಲ್ಲದವರು ಖಾಲಿ ಚೌಕ ಹುಡುಕಿಕೊಂಡು ಹೋಗುತ್ತಾರೆ. ಬಯಕೆಯನ್ನು ಶೇ 30ಕ್ಕೆ ಇಟ್ಟು ಗುಂಡಿ ಒತ್ತಿದರೆ ಕೆಲವೇ ಸುತ್ತುಗಳಲ್ಲಿ ಬಣ್ಣಗಳು ತೇಪೆ ತೇಪೆಯಾಗಿ ಒಟ್ಟುಗೂಡುತ್ತವೆ, ಸ್ವಬಣ್ಣದ ನೆರೆಯವರ ಸರಾಸರಿ ಪಾಲು ಶೇ 70ರ ಆಸುಪಾಸಿಗೆ ಏರುತ್ತದೆ. ಅಲ್ಪಸಂಖ್ಯಾತರಾಗಿ ಬದುಕಲು ಒಪ್ಪುವವರಿಂದಲೇ ಇಷ್ಟು ಬಿರುಕು ಮೂಡುವುದನ್ನು ಕಣ್ಣಾರೆ ಕಾಣುವುದು ಹತ್ತು ಪುಟ ಓದುವುದಕ್ಕಿಂತ ಹೆಚ್ಚು ನಾಟುತ್ತದೆ.

ಬಯಕೆಯನ್ನು ಶೇ 80ಕ್ಕೆ ಏರಿಸಿದಾಗ ಕಾಣುವುದು ಇನ್ನೂ ವಿಚಿತ್ರ. ಬಹುತೇಕ ಯಾರಿಗೂ ತೃಪ್ತಿಯಾಗದೆ ಹೆಚ್ಚಿನವರು ಎಡೆಬಿಡದೆ ಮನೆ ಬದಲಿಸುತ್ತಲೇ ಇರುವುದರಿಂದ, ಅತ್ಯಂತ ಅಸಹನೆಯ ಈ ನಗರ ಕೊನೆಯವರೆಗೂ ಬೆರೆತ ನಗರದಂತೆಯೇ ತೋರುತ್ತದೆ.

ಒಂದು ತಾಂತ್ರಿಕ ಕೊರತೆಯನ್ನು ಗಮನಿಸಬೇಕು. ಜಾರುಪಟ್ಟಿಯಲ್ಲಿ (ಸ್ಲೈಡರ್) ಬಯಕೆಯನ್ನು ಒಂದೊಂದೇ ಅಂಶದಷ್ಟು ಬದಲಿಸಬಹುದಾದರೂ, ಎಂಟೂ ಕಡೆ ನೆರೆಯವರಿರುವ ನಿವಾಸಿಗೆ ಶೇ 26 ಎಂದರೂ ಶೇ 37 ಎಂದರೂ ಬೇಕಾಗುವುದು ಮೂವರು ಸ್ವಬಣ್ಣದವರೇ. ಹೀಗಾಗಿ ಫಲಿತಾಂಶ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಆ ಜಿಗಿತವನ್ನು ಸಮಾಜದ ಗುಣವೆಂದು ಭಾವಿಸುವ ಅಪಾಯವಿದೆ. ಹಾಸಿನ ಒಂದು ಅಂಚು ಎದುರಿನ ಅಂಚಿಗೆ ಕೂಡಿಕೊಂಡಿರುವುದರಿಂದ ಈ ನಗರಕ್ಕೆ ನಡುವೂ ಇಲ್ಲ, ಹೊರವಲಯವೂ ಇಲ್ಲ. ಕೆಲಸದ ಜಾಗಕ್ಕಿರುವ ದೂರ, ಶಾಲೆ, ನೀರು, ಬಾಡಿಗೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಮುಖ್ಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಇಲ್ಲಿ ಖಾಲಿ ಇರುವ ಪ್ರತಿಯೊಂದು ಚೌಕವೂ ಯಾರಿಗಾದರೂ ಸಿಗುತ್ತದೆ. ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳಿ ಮನೆ ಇಲ್ಲವೆನ್ನುವ ಮಾಲೀಕನಾಗಲಿ, ಸಾಲ ನಿರಾಕರಿಸುವ ಬ್ಯಾಂಕಾಗಲಿ, ಗೆರೆ ಎಳೆಯುವ ಸರ್ಕಾರವಾಗಲಿ ಇಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರಿ ಗೃಹಸಾಲ ಸಂಸ್ಥೆಯೇ ನಗರಗಳ ನಕಾಶೆಗಳಲ್ಲಿ ಕಪ್ಪುಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಅವುಗಳನ್ನು ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿತ್ತು. ವಸತಿ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ ಬಂದದ್ದು 1968ರಲ್ಲಿ. ದಕ್ಷಿಣ ಆಫ್ರಿಕಾದ 1950ರ ಗುಂಪು ಪ್ರದೇಶಗಳ ಕಾಯ್ದೆಯು ಯಾವ ಜನಾಂಗದವರು ಎಲ್ಲಿರಬೇಕೆಂದು ನೇರವಾಗಿ ವಿಧಿಸಿತು, 1991ರವರೆಗೂ ಜಾರಿಯಲ್ಲಿತ್ತು. ಅಲ್ಲಿ ಮನೆ ಕಳೆದುಕೊಂಡವರ ಬಯಕೆಯನ್ನು ಯಾರೂ ಕೇಳಿರಲಿಲ್ಲ. ಶೆಲ್ಲಿಂಗ್ ವೈಯಕ್ತಿಕ ಆಯ್ಕೆಯ ಪಾತ್ರವನ್ನಷ್ಟೇ ಬಿಡಿಸಿ ನೋಡಿದರು, ಅದು ತಪ್ಪಲ್ಲ. ಆದರೆ ಮಾದರಿಯನ್ನು ಮಾತ್ರ ನೋಡಿದವರು ‘ಜನರೇ ಆರಿಸಿಕೊಂಡದ್ದು’ ಎಂಬ ತೀರ್ಮಾನಕ್ಕೆ ಬಹಳ ಬೇಗ ಬಂದುಬಿಡುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಸಿಂಗಪುರವು 1989ರಿಂದ ಸಾರ್ವಜನಿಕ ವಸತಿಯ ಪ್ರತಿ ಕಟ್ಟಡದಲ್ಲೂ ಜನಾಂಗವಾರು ಮಿತಿ ವಿಧಿಸಿದೆ. ಅಂತಹ ನಿಯಮವನ್ನು ಪರೀಕ್ಷಿಸುವ ಗುಂಡಿಯೂ ಇಲ್ಲಿಲ್ಲ.

ಸಮಾಜಶಾಸ್ತ್ರ ಅಥವಾ ನಗರ ಯೋಜನೆ ಕಲಿಸುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಆದರೆ ಇದ್ದ ಹಾಗೆಯೇ ಬಳಸಬಾರದು. ಮಾದರಿಯ ಸಂಕೇತ (ಕೋಡ್) ಚಿಕ್ಕದಾಗಿ, ತೆರೆದಿರುವುದರಿಂದ ತಿದ್ದುವುದು ಕಷ್ಟವಲ್ಲ. ಆರಂಭದಲ್ಲಿಯೇ ಅರ್ಧ ಹಾಸನ್ನು ಒಂದು ಬಣ್ಣದವರಿಗೆ ಮುಚ್ಚಿ, ನೆರೆಯವರ ಬಗೆಗಿನ ಬಯಕೆಯನ್ನು ಸೊನ್ನೆಗೆ ಇಳಿಸಿ ನಡೆಸಬೇಕು. ಆಗ ಯಾರೂ ಕದಲದೆಯೇ ನಗರ ಒಡೆದು ನಿಂತಿರುತ್ತದೆ, ಅತೃಪ್ತರ ಶೇಕಡಾವಾರು ತೋರಿಸುವ ಪೆಟ್ಟಿಗೆಯಲ್ಲಿ ಸೊನ್ನೆ ಇರುತ್ತದೆ. ತರಗತಿಯ ಚರ್ಚೆಯನ್ನು ಆ ಸೊನ್ನೆಯಿಂದಲೇ ಆರಂಭಿಸಬಹುದು.