ಪಿಡಿಎಫ್ ಪಟ್ಟಿ, ವಿಡಿಯೊ ಪಾಠ, ಖಾಲಿ ನಕ್ಷೆ: ಭೂಗೋಳಕ್ಕೆ ಯಾವುದು ಎಲ್ಲಿಯವರೆಗೆ?

ಯುಪಿಎಸ್‌ಸಿ, ಕೆಎಎಸ್ ತಯಾರಿಯಲ್ಲಿ ಭೂಗೋಳಕ್ಕೆ ಮೂರು ದಾರಿ ಹಿಡಿದು ನೋಡಿದ್ದೇವೆ: ‘ಸುದ್ದಿಯಲ್ಲಿರುವ ಸ್ಥಳಗಳು’ ಎಂಬ ಪಿಡಿಎಫ್ ಪಟ್ಟಿ, ಅನಿಮೇಷನ್ ಇರುವ ವಿಡಿಯೊ, ಅಟ್ಲಾಸ್ ಜೊತೆಗೆ ಖಾಲಿ ನಕ್ಷೆ. ಪಶ್ಚಿಮ ಏಷ್ಯಾದ ಜಲಮಾರ್ಗಗಳು, ನೈಋತ್ಯ ಮುಂಗಾರು ಈ ಎರಡೇ ಪಾಠಗಳನ್ನು ಇಟ್ಟುಕೊಂಡು ಹೋಲಿಸಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಪಟ್ಟಿ ಬೇಗ ಮುಗಿಯುತ್ತದೆ, ಅಷ್ಟೇ ಬೇಗ ಕೈಕೊಡುತ್ತದೆ. ‘ಹಾರ್ಮುಜ್: ಇರಾನ್, ಒಮಾನ್’ ಎಂದು ಬಾಯಿಪಾಠವಾಗಿರುತ್ತದೆ. ಪ್ರಶ್ನೆ ಮಾತ್ರ ‘ಉತ್ತರದಿಂದ ದಕ್ಷಿಣಕ್ಕೆ ಜೋಡಿಸಿ’ ಅಥವಾ ‘ಇವುಗಳಲ್ಲಿ ಕೆಂಪು ಸಮುದ್ರಕ್ಕೆ ತಾಗದ ದೇಶ ಯಾವುದು’ ಎಂದು ಬರುತ್ತದೆ. ಪಟ್ಟಿಯಲ್ಲಿ ದಿಕ್ಕಿಲ್ಲ, ನೆರೆಹೊರೆಯಿಲ್ಲ. ಊಹಿಸಿ ತಪ್ಪಿದರೆ ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ. ಕೊನೆಯ ವಾರದ ಪುನರಾವರ್ತನೆಗೆ ಮಾತ್ರ ಪಟ್ಟಿ ಸಾಕು.

ಖಾಲಿ ನಕ್ಷೆ ನಿಧಾನ, ಆದರೆ ಭೂರಾಜಕೀಯಕ್ಕೆ ಇದಕ್ಕೆ ಸಾಟಿಯಿಲ್ಲ. ಪ್ರಪಂಚದ ನಕ್ಷೆ ಬೇಡ. ಎ4 ಹಾಳೆಯಲ್ಲಿ ಆಫ್ರಿಕಾದ ಪುಟ್ಟ ದೇಶ ಜಿಬೂತಿ ಒಂದು ಚುಕ್ಕೆಯಷ್ಟೂ ಇರುವುದಿಲ್ಲ. ಸೂಯೆಜ್‌ನಿಂದ ಗ್ವಾದರ್‌ವರೆಗಿನ ಭಾಗವನ್ನಷ್ಟೇ ದೊಡ್ಡದು ಮಾಡಿ ಐದಾರು ಜೆರಾಕ್ಸ್ ತೆಗೆಸಿ. ಅಟ್ಲಾಸನ್ನು ಹತ್ತು ನಿಮಿಷ ನೋಡಿ, ಮುಚ್ಚಿ, ನೆನಪಿನಿಂದ ತುಂಬಿ. ನಂತರ ಅಟ್ಲಾಸ್ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ. ಮೂರು ದಿನ ಬಿಟ್ಟು ಹೊಸ ಹಾಳೆಯಲ್ಲಿ ಮತ್ತೆ ತುಂಬಿ. ಹೆಚ್ಚಿನವರು ಎಡವುವುದು ಅಟ್ಲಾಸ್ ತೆರೆದಿಟ್ಟುಕೊಂಡೇ ನಕಲು ಮಾಡುವುದರಲ್ಲಿ: ಹಾಳೆ ಚೆಂದ ಕಾಣುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಹೀಗೆ ತುಂಬಿದಾಗ ಪಟ್ಟಿ ಎಂದೂ ಹೇಳದ ಸಂಗತಿ ತಾನಾಗಿ ಕಾಣುತ್ತದೆ. ಇರಾನಿನ ಬಂದರು ಬಂದರ್ ಅಬ್ಬಾಸ್ ಹಾರ್ಮುಜ್ ಜಲಸಂಧಿಯ ಮೇಲೆಯೇ ಇದೆ. ಇರಾನಿನದೇ ಚಾಬಹಾರ್ ಅದರ ಹೊರಗೆ, ಒಮಾನ್ ಕೊಲ್ಲಿಯಲ್ಲಿದೆ. ಯುಎಇಯ ಫುಜೈರಾ ಕೂಡ ಹೊರಗೇ. ಅದಕ್ಕೇ ಅಲ್ಲಿಗೆ ತೈಲದ ಪೈಪ್‌ಲೈನ್. ಸೌದಿ ತನ್ನ ತೈಲವನ್ನು ಪೈಪ್‌ಲೈನ್ ಮೂಲಕ ಕೆಂಪು ಸಮುದ್ರದ ಯಾನ್ಬುಗೆ ತಂದು ಹಾರ್ಮುಜ್ ತಪ್ಪಿಸಬಲ್ಲದು, ಆದರೆ ಅಲ್ಲಿಂದ ನೇರವಾಗಿ ಏಷ್ಯಾಕ್ಕೆ ಬರುವ ಹಡಗು ಆ ಸಮುದ್ರದ ದಕ್ಷಿಣ ತುದಿಯ ಬಾಬ್ ಎಲ್ ಮಂಡೆಬ್ ಜಲಸಂಧಿ ದಾಟಲೇಬೇಕು. 2023ರ ಕೊನೆಯಿಂದ ಯೆಮೆನ್ನಿನ ಹೌತಿ ಬಂಡುಕೋರರ ದಾಳಿಗಳಿಗೆ ಹೆದರಿ ಹಡಗುಗಳು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿದ್ದು ಯಾಕೆಂದು ಇದೇ ಹಾಳೆ ತೋರಿಸುತ್ತದೆ. ಮೇನ್ಸ್‌ನಲ್ಲಿ ಒಂದು ಇಡೀ ಉತ್ತರಕ್ಕೆ ಬೇಕಾದ ಸರಕು ಇಷ್ಟರಲ್ಲೇ ಇದೆ.

ಪ್ರಾಕೃತಿಕ ಭೂಗೋಳಕ್ಕೆ ಬಂದರೆ ನಕ್ಷೆ ಸೋಲುತ್ತದೆ, ವಿಡಿಯೊ ಗೆಲ್ಲುತ್ತದೆ. ದಕ್ಷಿಣಾರ್ಧದ ಆಗ್ನೇಯ ವಾಣಿಜ್ಯ ಮಾರುತ ಸಮಭಾಜಕ ದಾಟಿ, ಕೊರಿಯೊಲಿಸ್ (ಭೂಮಿ ತಿರುಗುವುದರಿಂದ ಗಾಳಿಯ ದಿಕ್ಕು ಬಾಗುವ) ಪ್ರಭಾವದಿಂದ ಬಲಕ್ಕೆ ಹೊರಳಿ ನೈಋತ್ಯ ಮಾರುತವಾಗುವುದು ಚಲಿಸುವ ಚಿತ್ರದಲ್ಲೇ ಸ್ಪಷ್ಟ. ಆದರೆ ನೋಡಿ ಬಿಟ್ಟರೆ ಉತ್ತರ ಪತ್ರಿಕೆಯಲ್ಲಿ ಬಾಣ ಎಡಕ್ಕೆ ಹೊರಳಿಬಿಡುತ್ತದೆ. ವಿಡಿಯೊ ನಿಲ್ಲಿಸಿದ ತಕ್ಷಣ ಗಾಳಿಯ ಬಾಣಗಳನ್ನೂ ಘಟ್ಟದ ಅಡ್ಡಕೊಯ್ತದ ಚಿತ್ರವನ್ನೂ ಬರೆಯಬೇಕು. ಉಡುಪಿ, ಆಗುಂಬೆ, ಚಿತ್ರದುರ್ಗ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ, ಅದೂ ಮುಂಗಾರಿನ ದಿಕ್ಕಿಗೇ. ಆಗುಂಬೆಯಲ್ಲಿ 7,000 ಮಿ.ಮೀ. ಮೀರುವ ಮಳೆ, ಚಿತ್ರದುರ್ಗದಲ್ಲಿ ಸುಮಾರು ಅದರ ಹತ್ತನೇ ಒಂದು ಭಾಗ. ‘ಮೋಡದ ನೀರು ಘಟ್ಟದಲ್ಲೇ ಖಾಲಿಯಾಯಿತು’ ಎಂದಷ್ಟೇ ಬರೆದರೆ ಅರ್ಧ ಉತ್ತರ. ಘಟ್ಟ ದಾಟಿ ಇಳಿಯುವ ಒಣ ಗಾಳಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ಅದರ ಸಾಪೇಕ್ಷ ಆರ್ದ್ರತೆ ಕುಸಿಯುತ್ತದೆ. ಮಳೆನೆರಳಿನ, ಅಂದರೆ ಘಟ್ಟದ ಆಚೆ ಮಳೆ ಕಡಿಮೆಯಾಗುವುದರ, ಇನ್ನರ್ಧ ಕಾರಣ ಅದು.

ಕನ್ನಡ ಮಾಧ್ಯಮದವರು ಒಂದು ಕೆಲಸ ಹೆಚ್ಚು ಮಾಡಬೇಕು. ಯುಪಿಎಸ್‌ಸಿ ಮೇನ್ಸ್ ಕನ್ನಡದಲ್ಲಿ ಬರೆಯಬಹುದಾದರೂ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಜಲಸಂಧಿ, ಭೂಸಂಧಿ, ಕೊಲ್ಲಿ ಇವುಗಳ ಇಂಗ್ಲಿಷ್ ಹೆಸರನ್ನೂ ಅದೇ ಖಾಲಿ ನಕ್ಷೆಯ ಮೇಲೆ, ಅದೇ ಜಾಗದಲ್ಲಿ ಬರೆಯಿರಿ. ಬೇರೆ ನೋಟ್‌ಬುಕ್ಕಿನಲ್ಲಿ ಪದಪಟ್ಟಿ ಮಾಡಿದರೆ ಮತ್ತೆ ಪಿಡಿಎಫ್‌ನ ಕಥೆಯೇ.